ತಂತಿಯ ನುಡಿಗೆ ತರಂಗದ ವಾಹನ

ಹೇಮಾವತಿಯ ನಾಲೆಯಿಂದ ಬುಗುಡನಹಳ್ಳಿಯ ಕೆರೆಯನ್ನು ತುಂಬಿ, ಅಲ್ಲಿಂದ ತುಮಕೂರು ನಗರವನ್ನು ಸೇರುವಂತಹ ನೀರಿನ ಮಟ್ಟವನ್ನೂ ಒತ್ತಡವನ್ನೂ ಅಳೆಯಬಲ್ಲ ಔದ್ಯಮಿಕ ಸಂವೇದಕಗಳು ಬಹುಕಾಲದಿಂದ ತಂತಿಯ ಮೂಲಕವೇ ನುಡಿಯುತ್ತ ಬಂದಿವೆ. ಅವುಗಳ ರೀತಿ ಸರಳವೂ ಸುಂದರವೂ ಆದುದು: ಕನಿಷ್ಠ ಮಟ್ಟಕ್ಕೆ 4 ಮಿಲಿಆಂಪಿಯರ್, ಪೂರ್ಣಮಟ್ಟಕ್ಕೆ 20; ತಂತಿ ಕಡಿದಾಗ ಪ್ರವಾಹವೇ ಶೂನ್ಯವಾಗುವುದರಿಂದ, ಬರಿದಾದ ತೊಟ್ಟಿಗೂ ಮುರಿದ ಸಂಪರ್ಕಕ್ಕೂ ಇರುವ ಭೇದವು ತಾನಾಗಿಯೇ ವೇದ್ಯವಾಗುತ್ತದೆ. ಉಪಕರಣಗಳು ಪರಸ್ಪರ ದತ್ತಾಂಶವನ್ನು ವಿನಿಮಯ ಮಾಡಿಕೊಳ್ಳಲೆಂದು 1979ರಲ್ಲಿ ಜನಿಸಿದ ಮಾಡ್‌ಬಸ್ ಸಂಕೇತಪದ್ಧತಿಯೂ ಕಾರ್ಖಾನೆಗಳಲ್ಲಿ ಇನ್ನೂ ಜೀವಂತವಾಗಿದೆ.

ಇಂತಹ ವಿಶ್ವಾಸಾರ್ಹ ಉಪಕರಣಗಳನ್ನು ತ್ಯಜಿಸದೆ, ಅವುಗಳ ಅಳತೆಯನ್ನು ಕೆಲವೇ ಬೈಟುಗಳಿಗೆ ಸಂಕ್ಷೇಪಿಸಿ, ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ 865–867 ಮೆಗಾಹರ್ಟ್ಸ್ ತರಂಗಗಳಲ್ಲಿ ಲೋರಾ ಎಂಬ ದೂರಗಾಮಿ, ಅಲ್ಪಶಕ್ತಿಯ ರೇಡಿಯೊ ವಿಧಾನದಿಂದ ಹಲವು ಕಿಲೋಮೀಟರುಗಳಾಚೆಗೆ ಕಳುಹಿಸುವ ಪುಟ್ಟ ಪೆಟ್ಟಿಗೆಯು ನನಗೆ ಅತ್ಯಂತ ಗೌರವಾರ್ಹವೆಂದು ತೋರುತ್ತದೆ. ನಿಯತಕಾಲದಲ್ಲಿ ಎಚ್ಚತ್ತು, ಸಂವೇದಕಕ್ಕೆ ಕ್ಷಣಕಾಲ ವಿದ್ಯುತ್ತನ್ನಿತ್ತು, ಅಳತೆಯನ್ನು ಪಡೆದು ಮರಳಿ ವಿರಮಿಸುವ ಮಿತವ್ಯಯದಿಂದಾಗಿ ಅದರ ಬ್ಯಾಟರಿ ವರ್ಷಗಟ್ಟಲೆ ಬಾಳಬಲ್ಲುದು. ಕಟ್ಟಡಗಳು ನಿಬಿಡವಾದೆಡೆ ಸಂದೇಶದ ದೂರ ಕುಗ್ಗುವುದು ನಿಜ. ಆದರೂ ತುಮಕೂರಿನ ಬಟವಾಡಿಯಂತಹ ಬಡಾವಣೆಯಲ್ಲಿ ರಸ್ತೆಯನ್ನಗೆದು ಹೊಸ ತಂತಿಯನ್ನು ಹೂಳುವ ಶ್ರಮವನ್ನು ಇದು ತಪ್ಪಿಸಬಲ್ಲುದು.

ಹಳೆಯದನ್ನು ಕೆಡಹದೆ ಹೊಸದರೊಡನೆ ಬೆಸೆಯುವ ಈ ವಿದ್ಯೆಯನ್ನು ನಮ್ಮ ತರುಣ ಎಂಜಿನಿಯರುಗಳು ಶ್ರದ್ಧೆಯಿಂದ ಅಭ್ಯಸಿಸಬೇಕು.