ದೂರದ ಯುದ್ಧ ಮತ್ತು ‘ಒನ್ ಆಫ್ ಅವರ್ಸ್’

೧೯೧೪ರಲ್ಲಿ ಯೂರೋಪಿನಲ್ಲಿ ಹೊತ್ತಿದ ಬೆಂಕಿಗೂ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೂ ನಡುವೆ ಒಂದು ಮಹಾಸಾಗರವೇ ಇದ್ದಿತು. ದೇಶವನ್ನು ಯುದ್ಧದಿಂದ ದೂರವಿಟ್ಟವರೆಂಬ ಕೀರ್ತಿಯನ್ನು ಮುಂದಿಟ್ಟುಕೊಂಡು ಅಧ್ಯಕ್ಷ ವಿಲ್ಸನ್ನರು ೧೯೧೬ರಲ್ಲಿ ಮರಳಿ ಚುನಾಯಿತರಾದರು. ಮರುವರ್ಷ ಏಪ್ರಿಲ್ ೬ರಂದು ಅದೇ ದೇಶವು ಜರ್ಮನಿಯ ಮೇಲೆ ಯುದ್ಧ ಸಾರಿತು. ಕಡೆಗೆ ಸುಮಾರು ೨೦ ಲಕ್ಷ ಸೈನಿಕರು ಸಮುದ್ರವನ್ನು ದಾಟಿ ಫ್ರಾನ್ಸನ್ನು ಸೇರಿದರು. ಮಡಿದ ಸೈನಿಕರು ೧ ಲಕ್ಷ ೧೬ ಸಾವಿರಕ್ಕೂ ಮಿಕ್ಕು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಸಾವಿಗೆ ಕಾರಣ ಕಾಳಗವಲ್ಲ, ರೋಗವೇ ಮೊದಲಾದವು. ಇತಿಹಾಸವು ಇಷ್ಟನ್ನು ಹೇಳಿ ನಿಲ್ಲುತ್ತದೆ. ತನ್ನದಲ್ಲದ ನೆಲದ ಕಲಹಕ್ಕೆ ಒಬ್ಬ ರೈತನ ಮಗನು ಮನಸ್ಸನ್ನೇ ಒಪ್ಪಿಸಿದುದು ಹೇಗೆ ಎಂಬ ಪ್ರಶ್ನೆಯನ್ನು ವಿಲ್ಲಾ ಕ್ಯಾಥರ್ ಅವರು ‘ಒನ್ ಆಫ್ ಅವರ್ಸ್’, ಎಂದರೆ ‘ನಮ್ಮವರಲ್ಲೊಬ್ಬ’, ಎಂಬ ಕಾದಂಬರಿಯಲ್ಲಿ ಎತ್ತಿಕೊಂಡರು.

ಗ್ರಂಥವು ೧೯೨೨ರಲ್ಲಿ ಹೊರಬಿದ್ದು ಮರುವರ್ಷ ಪುಲಿಟ್ಜರ್ ಬಹುಮಾನವನ್ನು ಪಡೆಯಿತು. ಜೊತೆಗೇ ನಿಂದೆಯನ್ನೂ ಪಡೆಯಿತು. ರಣರಂಗವನ್ನು ಕಾಣದ ಹೆಂಗಸಿಗೆ ಯುದ್ಧದ ಗೊಡವೆ ಏಕೆಂದು ಹಲವರು ಕೇಳಿದರು. ಇಟಲಿಯಲ್ಲಿ ಗಾಯಗೊಂಡು ಬಂದಿದ್ದ ಹೆಮಿಂಗ್ವೇ ಅವರು, ಇಲ್ಲಿನ ಕಾಳಗವು ಚಲಚ್ಚಿತ್ರವೊಂದರಿಂದ ಎತ್ತಿದುದೆಂದು ಪತ್ರವೊಂದರಲ್ಲಿ ಹಾಸ್ಯಮಾಡಿದರು. ಆದರೆ ಲೇಖಕಿಗೆ ಈ ಯುದ್ಧವು ಕೇವಲ ಕೇಳಿದ ಸುದ್ದಿಯಾಗಿರಲಿಲ್ಲ. ನೆಬ್ರಾಸ್ಕಾದ ಅವರ ಸೋದರಸಂಬಂಧಿಯೊಬ್ಬರು ೧೯೧೮ರ ಮೇ ತಿಂಗಳಲ್ಲಿ ಕ್ಯಾಂಟಿನ್ಯಿಯಲ್ಲಿ ಮಡಿದಿದ್ದರು. ಅವರು ತಾಯಿಗೆ ಬರೆದ ಕಾಗದಗಳೇ ಈ ಕೃತಿಯ ಬೀಜ.

ಕಾಳಗದ ಭಾಗವು ದುರ್ಬಲವೆಂಬ ಆಕ್ಷೇಪಣೆಯನ್ನು ಒಪ್ಪಲೇಬೇಕು. ಅಲ್ಲಿ ವೀರರು ಸುಲಭವಾಗಿ ವೀರರಾಗುತ್ತಾರೆ. ಫ್ರಾನ್ಸಿನ ತೋಟಗಳು ಅತಿಯಾಗಿ ಹೂಬಿಡುತ್ತವೆ. ಆದರೆ ಕೃತಿಯ ಜೀವವಿರುವುದು ಅದಕ್ಕೆ ಮುಂಚಿನ ಭಾಗದಲ್ಲಿ. ನೆಬ್ರಾಸ್ಕಾದ ಹೊಲಮನೆಯಲ್ಲಿ ಯುದ್ಧವು ಮೊದಲು ಕಾಣಿಸಿಕೊಳ್ಳುವುದು ಪತ್ರಿಕೆಯ ಸುದ್ದಿಯಾಗಿ, ಗೋಧಿಯ ಧಾರಣೆಯಾಗಿ. ತಾಯಿಯೂ ಮಗ ಕ್ಲಾಡನೂ ಅಟ್ಟದ ಮೇಲಿದ್ದ ಯೂರೋಪಿನ ಹಳೆಯ ಭೂಪಟವನ್ನು ತರಿಸಿ, ಕೇಳರಿಯದ ಊರುಗಳನ್ನು ಹುಡುಕುತ್ತಾರೆ. ಓದುಬರಹವಿಲ್ಲದ ಮನೆಯಾಳು ಮಹೇಲಿಗೆ ಯುದ್ಧವೆಂದರೆ ತಾನು ಬಾಲ್ಯದಲ್ಲಿ ಕಂಡ ಅಮೆರಿಕಾದ ಅಂತರ್ಯುದ್ಧ. ಮನೆಯಲ್ಲಿ ಯುದ್ಧವನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಊರಿನಲ್ಲಿ ಇಬ್ಬರು ಜರ್ಮನ್ ರೈತರನ್ನು ದೇಶದ್ರೋಹದ ಮಾತನಾಡಿದರೆಂದು ವಿಚಾರಣೆಗೆ ಎಳೆಯುತ್ತಾರೆ. ಪರದೇಶದ ಸ್ವಾತಂತ್ರ್ಯಕ್ಕಾಗಿ ಹೊರಟ ಜನ ನೆರೆಯವನ ನಾಲಗೆಯನ್ನು ಕಟ್ಟುವರೆಂಬುದನ್ನು ಲೇಖಕಿ ವ್ಯಾಖ್ಯಾನವಿಲ್ಲದೆ ತೋರಿಸಿಬಿಡುತ್ತಾರೆ.

ಕ್ಲಾಡನಿಗೆ ಹೊಲವಿದೆ, ಹಣವಿದೆ, ಹೊಸ ಮನೆಯಿದೆ. ಬಾಳಿಗೆ ಅರ್ಥ ಮಾತ್ರವಿಲ್ಲ. ಕಟ್ಟಿಕೊಂಡವಳು ಕಾಯಿಲೆಯ ಅಕ್ಕನ ಆರೈಕೆಗೆಂದು ಚೀನಾಕ್ಕೆ ಹೊರಟುಹೋಗುತ್ತಾಳೆ. ಆ ಶೂನ್ಯವನ್ನು ಯುದ್ಧವು ತುಂಬುತ್ತದೆ. ಒಂದು ಸಮೃದ್ಧ ರಾಷ್ಟ್ರವು ಮತ್ತೊಂದು ಖಂಡಕ್ಕೆ ಮಕ್ಕಳನ್ನು ಕಳುಹಿಸಿದಾಗ ಅದರ ಘೋಷಣೆಗಳು ಒಂದಾಗಿದ್ದವು, ಮಕ್ಕಳ ಹಸಿವು ಬೇರೊಂದಾಗಿತ್ತು ಎಂಬುದೇ ಈ ಕೃತಿಯ ಕಾಣ್ಕೆ. ಹಡಗಿನ ಪಯಣದಲ್ಲಿ ಜ್ವರ ತಗುಲಿ, ಶತ್ರುವಿನ ಮುಖವನ್ನೇ ಕಾಣದೆ ಸಾಯುವ ಹುಡುಗರ ಚಿತ್ರವು ಇದನ್ನು ಇನ್ನಷ್ಟು ಕಟುವಾಗಿಸುತ್ತದೆ. ಈ ಪುಟಗಳನ್ನು ಓದಿದವರು ಲೇಖಕಿಯು ಯುದ್ಧಸ್ತುತಿ ಮಾಡಿದರೆಂದು ಹೇಳಲಾರರು.

ಕ್ಲಾಡನು ಯುದ್ಧದಲ್ಲಿ ಮಡಿಯುತ್ತಾನೆ. ಕಡೆಯ ಪುಟಗಳಲ್ಲಿ ತಾಯಿ ಅವನ ಕಾಗದಗಳನ್ನು ಮತ್ತೆ ಮತ್ತೆ ಓದುತ್ತಾಳೆ. ನಂಬಿಕೆ ಒಡೆಯುವ ಮುನ್ನವೇ ಮಗನು ಹೋದನಲ್ಲಾ ಎಂಬುದೇ ಅವಳಿಗುಳಿದ ಸಮಾಧಾನ. ಬದುಕಿ ಮರಳಿದ ಕೆಲವರು ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡ ವಾರ್ತೆಗಳನ್ನು ಅವಳು ಬಲ್ಲಳು. ಹೆತ್ತ ಮಗನು ಬದುಕಿ ಬಾರದುದನ್ನೇ ಮೇಲೆಂದು ತಾಯಿ ಎಣಿಸಬೇಕಾದ ಗತಿಗಿಂತ ಕಠೋರವಾದ ತೀರ್ಪನ್ನು ಆ ಯುದ್ಧದ ಮೇಲೆ ಯಾವ ಯೋಧನೂ ಬರೆಯಬೇಕಾಗಿಲ್ಲ. ಕಂದಕವನ್ನು ಚಿತ್ರಿಸುವಲ್ಲಿ ಸೋತ ಲೇಖನಿಯು ಕಾದು ಕುಳಿತ ಮನೆಯನ್ನು ಚಿತ್ರಿಸುವಲ್ಲಿ ಗೆದ್ದಿದೆ.