ಹರಳನ್ನು ಬಾಗಿಸುವುದು ಯಾವುದು?
ಡಾರ್ಸಿ ಥಾಮ್ಸನ್ನನ ಒಂದು ಅಧ್ಯಾಯದ ವಿಮರ್ಶೆ

ಡಾರ್ಸಿ ವೆಂಟ್‌ವರ್ತ್ ಥಾಮ್ಸನ್ನನ ‘ಆನ್ ಗ್ರೋತ್ ಅಂಡ್ ಫಾರ್ಮ್’ ಎಂಬ ಗ್ರಂಥವು 1917ರಲ್ಲಿ ಮೊದಲು ಅಚ್ಚಾಯಿತು. 1942ರಲ್ಲಿ ಬಹಳವಾಗಿ ವಿಸ್ತಾರಗೊಂಡು ಮತ್ತೆ ಹೊರಬಂದಿತು. ಅದರ ಗದ್ಯದ ಸೊಗಸನ್ನು ಕೊಂಡಾಡುವವರು ಅನೇಕರು. ವಾದವನ್ನು ಒರೆಗೆ ಹಚ್ಚುವವರು ಕಡಮೆ. ಶಂಖದ ಸುರುಳಿಯನ್ನು ಕುರಿತ ಅಧ್ಯಾಯಕ್ಕೆ ಸಂದಿರುವ ಪ್ರಸಿದ್ಧಿಯು, ಜೀವಿಗಳ ಒಡಲಿನಲ್ಲಿ ಬೆಳೆಯುವ ಸುಣ್ಣದ ಗಂಟುಗಳನ್ನೂ ಸ್ಪಿಕ್ಯೂಲ್‌ಗಳೆಂಬ ಸೂಕ್ಷ್ಮ ಮುಳ್ಳುಗಳನ್ನೂ ಕುರಿತ ಅಧ್ಯಾಯಕ್ಕೆ ಸಂದಿಲ್ಲ. ಗ್ರಂಥದ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣುವುದು ಅಲ್ಲಿಯೇ ಆದುದರಿಂದ ಅದೊಂದನ್ನೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ.

ನೀರಿನಲ್ಲಿ ತಾನಾಗಿ ಕಟ್ಟುವ ಕ್ಯಾಲ್ಸೈಟಿನ ಹರಳಿಗೆ ಚಪ್ಪಟೆಯಾದ ಮುಖಗಳೂ ಚೂಪಾದ ಅಂಚುಗಳೂ ಇರುತ್ತವೆ. ಅದೇ ಕ್ಯಾಲ್ಸಿಯಂ ಕಾರ್ಬೊನೇಟು ಜೀವಿಯ ಮೈಯಲ್ಲಿ ದುಂಡಗಾಗಿ, ಬಾಗಿ, ಕವಲೊಡೆದು ಬೆಳೆಯುತ್ತದೆ. ಕಾರಣವನ್ನರಸಿ ಥಾಮ್ಸನ್ನನು ಎರಡು ಹಳೆಯ ಪ್ರಯೋಗಗಳತ್ತ ತಿರುಗುತ್ತಾನೆ. ಇಂಗ್ಲೆಂಡಿನ ಜಾರ್ಜ್ ರೇನಿಯು 1858ರಲ್ಲಿ ಅರಬ್ಬೀ ಗೋಂದಿನಲ್ಲಿಯೂ, ಡಚ್ ವಿಜ್ಞಾನಿ ಪೀಟರ್ ಹಾರ್ಟಿಂಗನು 1872ರಲ್ಲಿ ಮೊಟ್ಟೆಯ ಲೋಳೆಯಂತಹ ದ್ರವ್ಯಗಳಲ್ಲಿಯೂ ಈ ಸುಣ್ಣವು ಮೆಲ್ಲಮೆಲ್ಲನೆ ಕಟ್ಟುವಂತೆ ಮಾಡಿದ್ದರು. ಮೂಲೆಯುಳ್ಳ ಹರಳುಗಳಿಗೆ ಬದಲಾಗಿ ಅವರಿಗೆ ಉರುಟಾದ ಗುಂಡುಗಳು ದೊರೆತವು. ಜೀವಶಕ್ತಿಯೆಂಬ ಗೂಢ ಕಾರಣವನ್ನು ಕರೆತರುವ ಅಗತ್ಯವಿಲ್ಲವೆಂದು ಥಾಮ್ಸನ್ನನು ಇದರಿಂದ ತೆಗೆದ ನಿರ್ಣಯವು ಸರಿಯಾದುದು. ಅದನ್ನು ಹೇಳಿದ ಧೈರ್ಯವೂ ಮೆಚ್ಚತಕ್ಕದ್ದು.

ಆದರೆ ಆತನು ಅಷ್ಟಕ್ಕೇ ನಿಂತನು. ಗೋಂದೂ ಲೋಳೆಯೂ ಆತನ ದೃಷ್ಟಿಯಲ್ಲಿ ಬರಿಯ ಕಲಿಲದ್ರವ್ಯಗಳು. ಹರಳಿನ ಬೆಳವಣಿಗೆಗೆ ಅಡ್ಡಬರುವ ಒಂದು ಮಾಧ್ಯಮ, ಅಷ್ಟೆ. ಲೋಳೆಯೊಳಗಿನ ಯಾವ ಪ್ರೋಟೀನು ಈ ಕೆಲಸವನ್ನು ಮಾಡಿತೆಂಬ ಪ್ರಶ್ನೆಯನ್ನು ಆತನು ಎತ್ತುವುದಿಲ್ಲ. 1917ರಲ್ಲಿ ಇದು ಕ್ಷಮ್ಯ. ಆದರೆ ಜೇಮ್ಸ್ ಸಮ್ನರನು ಯೂರಿಯೇಸನ್ನು ಶುದ್ಧ ಹರಳಾಗಿ ಪಡೆದು ಅದು ಪ್ರೋಟೀನೆಂದು ತೋರಿಸಿದ್ದು 1926ರಲ್ಲಿ. ಒಂದೊಂದು ಪ್ರೋಟೀನಿಗೂ ತನ್ನದೇ ಆದ ಗುಣವಿರಬಲ್ಲುದೆಂಬುದು 1942ರ ಓದುಗನಿಗೆ ಹೊಸ ಮಾತಾಗಿರಲಿಲ್ಲ. (ಕೋಳಿಮೊಟ್ಟೆಯ ಲೋಳೆಯಲ್ಲಿರುವ ಓವಾಲ್ಬ್ಯುಮಿನ್, ಲೈಸೊಜೈಮ್ ಮೊದಲಾದ ಪ್ರೋಟೀನುಗಳು ಅದೇ ಮೊಟ್ಟೆಯ ಚಿಪ್ಪಿನ ಕ್ಯಾಲ್ಸೈಟಿನೊಳಗೂ ಮುಂದೆ ದೊರೆತವು. ಹಾರ್ಟಿಂಗನು ತಾನರಿಯದೆಯೇ ತಕ್ಕ ದ್ರವ್ಯವನ್ನು ಕೈಗೆತ್ತಿಕೊಂಡಿದ್ದನು!)

ಈ ಕೊರತೆ ಎಷ್ಟು ದೊಡ್ಡದೆಂಬುದನ್ನು ಫಾಲಿನಿ, ಆಲ್ಬೆಕ್, ವೈನರ್, ಅದ್ದಾದಿ ಇವರು 1996ರಲ್ಲಿ ಪ್ರಕಟಿಸಿದ ಪ್ರಯೋಗವು ತೋರಿಸಿತು. ಕ್ಯಾಲ್ಸೈಟು, ಅರಗೊನೈಟು ಎರಡೂ ಒಂದೇ ರಾಸಾಯನಿಕ ವಸ್ತು. ಅಯಾನುಗಳ ಜೋಡಣೆ ಮಾತ್ರ ಬೇರೆ. ಕೆಲವು ಚಿಪ್ಪುಜೀವಿಗಳು ಹೊರಪದರವನ್ನು ಕ್ಯಾಲ್ಸೈಟಿನಿಂದಲೂ ಮುತ್ತಿನ ಹೊಳಪಿನ ಒಳಪದರವನ್ನು ಅರಗೊನೈಟಿನಿಂದಲೂ ಕಟ್ಟಿಕೊಳ್ಳುತ್ತವೆ. ಅರಗೊನೈಟಿನ ಪದರದಿಂದ ಬೇರ್ಪಡಿಸಿದ ಬೃಹದಣುಗಳನ್ನು ಕೈಟಿನ್ ಮತ್ತು ರೇಷ್ಮೆಯ ಪ್ರೋಟೀನಿನ ಹಂದರಕ್ಕೆ ಹತ್ತಿಸಿದಾಗ ಅರಗೊನೈಟೇ ಕಟ್ಟಿತು. ಕ್ಯಾಲ್ಸೈಟಿನ ಪದರದವನ್ನು ಹತ್ತಿಸಿದಾಗ ಬಹುಮಟ್ಟಿಗೆ ಕ್ಯಾಲ್ಸೈಟು ಕಟ್ಟಿತು. ಎರಡೂ ಕಲಿಲಗಳೇ ಎಂದು ಹೇಳಿದ ಮಾತ್ರಕ್ಕೆ ಈ ಭೇದಕ್ಕೆ ಸಮಾಧಾನ ದೊರೆಯದು.

ಹಾಗೆಂದು, ಪ್ರೋಟೀನು ಅಚ್ಚು, ಖನಿಜವು ಅದರಲ್ಲಿ ಎರೆದ ಎರಕ ಎಂದು ವರ್ಣಿಸುವ ಈಚಿನ ಲೇಖಕರ ಮಾತನ್ನೂ ಪೂರ್ತಿಯಾಗಿ ಒಪ್ಪಲಾಗದು. ಹರಳು ಬೆಳೆಯುವುದು ಮೆಟ್ಟಿಲು ಮೆಟ್ಟಿಲಾಗಿ. ಮೆಟ್ಟಿಲಿನ ಅಂಚಿಗೆ ಹೊಸ ಅಯಾನುಗಳು ಸೇರಿದಂತೆ ಅದು ಮುಂದಕ್ಕೆ ಸರಿಯುತ್ತದೆ. ಆಸ್ಪಾರ್ಟಿಕ್ ಆಮ್ಲವು ಕ್ಯಾಲ್ಸೈಟಿನ ಈ ಅಂಚುಗಳಲ್ಲಿ ಕೆಲವನ್ನು ಆರಿಸಿ ಅಂಟಿಕೊಳ್ಳುತ್ತದೆಯೆಂದೂ, ಎಡಗೈ ಬಲಗೈಗಳಂತಿರುವ ಅದರ ಎರಡು ರೂಪಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ದಿಬ್ಬಗಳನ್ನು ಹರಳಿನ ಮೇಲೆ ಬೆಳೆಸುತ್ತವೆಯೆಂದೂ ಓರ್ಮ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿಕೊಟ್ಟರು. ಇಲ್ಲಿ ಅಣುವು ರೂಪವನ್ನು ವಿಧಿಸುತ್ತಿಲ್ಲ. ಅಂಚುಗಳ ಶಕ್ತಿಯನ್ನು ಹೆಚ್ಚುಕಡಮೆ ಮಾಡುತ್ತಿದೆ, ಉಳಿದುದನ್ನು ಹರಳು ತನ್ನ ನಿಯಮದಂತೆ ತಾನೇ ಮಾಡಿಕೊಳ್ಳುತ್ತದೆ. ಇದು ಥಾಮ್ಸನ್ನನ ಮನಸ್ಸಿಗೆ ಹಿಡಿಸುವಂತಹ ವಿವರಣೆ. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮರಿಯಲ್ಲಿ ಸ್ಪಿಕ್ಯೂಲು ಮೊದಲು ಹರಳಿನ ಕ್ರಮವಿಲ್ಲದ ಸುಣ್ಣವಾಗಿ ಪೊರೆಯೊಳಗೆ ಸೇರಿ, ಆಮೇಲೆ ಕ್ಯಾಲ್ಸೈಟಾಗುವುದೆಂದು 1997ರಲ್ಲಿ ತಿಳಿದುಬಂದುದೂ ಆತನ ಪಕ್ಷಕ್ಕೇ ಬಲ ಕೊಡುತ್ತದೆ. ಬಾಗಿದ ಆಕಾರಕ್ಕೆ ಜೀವಕೋಶಗಳ ಮೈಯನ್ನೂ ಅವುಗಳ ನಡುವಣ ಎಡೆಯನ್ನೂ ಕಾರಣವಾಗಿ ಹಿಡಿದವನು ಆತನಲ್ಲವೇ?

ಆದುದರಿಂದ ಈ ಅಧ್ಯಾಯವನ್ನು ತಳ್ಳಿಹಾಕುವುದಕ್ಕಿಂತ ತಿದ್ದಿ ಓದುವುದು ಲೇಸು. ಕಲಿಲವೆಂದು ಬರುವಲ್ಲೆಲ್ಲ ‘ಯಾವ ಕಲಿಲ, ಹರಳಿನ ಯಾವ ಅಂಚಿನಲ್ಲಿ?’ ಎಂಬ ಪ್ರಶ್ನೆಯನ್ನು ಪುಟದ ಅಂಚಿನಲ್ಲಿ ಬರೆದುಕೊಂಡರೆ ಸಾಕು. ಹಾರ್ಟಿಂಗನ ಪ್ರಯೋಗವಾದರೋ, ಲೋಳೆಯ ಪ್ರೋಟೀನುಗಳನ್ನು ಒಂದೊಂದಾಗಿ ಬೇರ್ಪಡಿಸಿಕೊಂಡು ವಿದ್ಯಾರ್ಥಿಗಳು ಮತ್ತೆ ಮಾಡಿ ನೋಡತಕ್ಕದ್ದು.