ಪಂಪು ಕೆಟ್ಟಿಲ್ಲ, ಪೆಟ್ರೋಲಿನ ಹಾದಿ ಹಳೆಯದು

ಕಾರ್ಬುರೇಟರ್ ಇದ್ದ ಹಳೇ ಜಿಪ್ಸಿಗೆ ಎಸ್ಟೀಮ್ ಕಾರಿನ ಇಂಜೆಕ್ಷನ್ ಬಗೆಯ ಎಂಪಿಎಫ್‌ಐ ಎಂಜಿನ್ ಕೂರಿಸುವುದು ಹೊಸ ಸಾಹಸವೇನಲ್ಲ. ರ‍್ಯಾಲಿ ಓಡಿಸುವವರು ಈ ಕೆಲಸವನ್ನು ಬಹಳ ಹಿಂದಿನಿಂದ ಮಾಡುತ್ತ ಬಂದಿದ್ದಾರೆ. ಎರಡೂ ಸುಜುಕಿ ಮನೆತನದ ಎಂಜಿನ್‌ಗಳು. ಗೇರ್‌ಬಾಕ್ಸು, ಮೌಂಟಿಂಗುಗಳ ಹೊಂದಾಣಿಕೆ ಅನುಭವಿ ಮೇಸ್ತ್ರಿಗೆ ದೊಡ್ಡ ಮಾತಲ್ಲ. ತಕರಾರು ಶುರುವಾಗುವುದು ಆಮೇಲೆ. ಗಾಡಿ ಸ್ಟಾರ್ಟ್ ಆಗುತ್ತದೆ, ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಹುನಗುಂದ ದಾಟಿ ಇಳಕಲ್ ಕಡೆಗೆ ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಜಗ್ಗತೊಡಗುತ್ತದೆ. ಆಗ ಬರುವ ತೀರ್ಪು ಒಂದೇ: “ಪಂಪ್ ಹೋಗೇತ್ರೀ, ಹೊಸಾದು ಹಾಕ್ರಿ.” ಹೊಸದು ಹಾಕಿದ ಮೇಲೂ ಸರಿಯಾಗದಿದ್ದರೆ ಎರಡನೇ ತೀರ್ಪು: “ಕಂಪ್ಯೂಟರ್ ಗಾಡಿ ನಮ್ಮ ಕಡೆ ಒಗ್ಗೂದಿಲ್ರೀ, ಕಾರ್ಬುರೇಟರ್ರೇ ಛಲೋ.”

ಈ ಎರಡೂ ಮಾತು ತಪ್ಪು. ಬಹಳಷ್ಟು ಸಲ ಕೆಟ್ಟಿರುವುದು ಪಂಪೂ ಅಲ್ಲ, ಕಂಪ್ಯೂಟರೂ ಅಲ್ಲ. ಎಂಜಿನ್ ಬದಲಾಯಿತು, ಪೆಟ್ರೋಲ್ ಬರುವ ಹಾದಿ ಬದಲಾಗಲಿಲ್ಲ; ದೋಷ ಇರುವುದು ಅಲ್ಲಿ.

ಕಾರ್ಬುರೇಟರ್ ಗಾಡಿಯಲ್ಲಿ ಪಂಪು ಎಂಜಿನ್ನಿನ ಮೈಮೇಲೇ ಇರುತ್ತದೆ. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ, ಸುಮಾರು ಕಾಲು ಬಾರ್ ಒತ್ತಡದಲ್ಲಿ ಫ್ಲೋಟ್ ಚೇಂಬರಿಗೆ ತುಂಬಿಸಿದರೆ ಅದರ ಕೆಲಸ ಮುಗಿಯಿತು. ಇಂಜೆಕ್ಷನ್ನಿಗೆ ಹೆಚ್ಚುಕಡಿಮೆ ಮೂರು ಬಾರ್ ಬೇಕು, ಅಂದರೆ ಹತ್ತು ಪಟ್ಟಿಗೂ ಮೇಲೆ. ಇಂಜೆಕ್ಷನ್ ಪಂಪು ತಳ್ಳುವುದರಲ್ಲಿ ಗಟ್ಟಿ, ಹೀರುವುದರಲ್ಲಿ ಬಲಹೀನ. ತೆರೆದ ಬಾವಿಯ ದಂಡೆಯ ಮೇಲಿನ ಮೋಟರಿಗೂ ಬೋರ್‌ವೆಲ್ಲಿನೊಳಗೆ ಇಳಿಬಿಟ್ಟ ಸಬ್‌ಮರ್ಸಿಬಲ್ಲಿಗೂ ಇರುವ ವ್ಯತ್ಯಾಸ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ; ಇಲ್ಲಿಯೂ ಅದೇ ವ್ಯತ್ಯಾಸ. ಆದರೂ ಇಂಜೆಕ್ಷನ್ ಪಂಪನ್ನು ತಂದು ಬಾನೆಟ್ ಕೆಳಗೆ, ಬಿಸಿ ಎಂಜಿನ್ನಿನ ಪಕ್ಕದಲ್ಲಿ ಬಿಗಿಯುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಬಾಗಲಕೋಟೆಯ ಬಿಸಿಲು 40 ಡಿಗ್ರಿ ಮುಟ್ಟಿದಾಗ, ಹೀರುವ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪಿನ ಬಾಯಿಗೆ ಬರೀ ಗುಳ್ಳೆ ಸಿಗುತ್ತದೆ. ಅದೇ ಪಂಪು ಟ್ಯಾಂಕಿನೊಳಗೆ, ಇಲ್ಲವೇ ಟ್ಯಾಂಕಿನ ತಳಮಟ್ಟದಲ್ಲಿ ಇದ್ದರೆ ಪೈಪಿನುದ್ದಕ್ಕೂ ಒತ್ತಡ ಇರುತ್ತದೆ. ಒತ್ತಡದಲ್ಲಿರುವ ಪೆಟ್ರೋಲ್ ಸುಲಭಕ್ಕೆ ಆವಿಯಾಗುವುದಿಲ್ಲ. ಬಿಸಿಲಿನ ಸೀಮೆಗೆ ಕಾರ್ಬುರೇಟರ್ರೇ ಲೇಸು ಎಂಬ ಮಾತು ಇಲ್ಲಿ ತಲೆಕೆಳಗಾಗುತ್ತದೆ. ಸರಿಯಾಗಿ ಕೂರಿಸಿದರೆ ನಮ್ಮ ಬಿಸಿಲಿಗೆ ಇಂಜೆಕ್ಷನ್ನೇ ಹೆಚ್ಚು ತಾಳುತ್ತದೆ.

ಹಾಗಿದ್ದರೆ ಪಂಪ್ ಬದಲಿಸಿದಾಗ ಗಾಡಿ ಕೆಲವು ದಿನ ಸರಿಯಾಗುವುದು ಯಾಕೆ? ಜನರ ನಂಬಿಕೆಗೆ ಬಲ ಬಂದಿರುವುದು ಇದರಿಂದಲೇ, ಹಾಗಾಗಿ ಇದನ್ನು ತಾಳ್ಮೆಯಿಂದ ನೋಡಬೇಕು. ಹೊಸ ಪಂಪಿನ ಜೊತೆ ಹೊಸ ಜಾಳಿಗೆಯೂ ಬರುತ್ತದೆ. ಟ್ಯಾಂಕ್ ಇಳಿಸಿ ಚೆಲ್ಲಿ ತೊಳೆದದ್ದರಿಂದ ತುಕ್ಕಿನ ಪುಡಿ ಅಷ್ಟಿಷ್ಟು ಹೋಗಿರುತ್ತದೆ. ಕಳಚಿ ಜೋಡಿಸುವಾಗ ಸಡಿಲ ವೈರೂ ಬಿಗಿಯಾಗಿರುತ್ತದೆ. ಗುಣ ಕಂಡದ್ದು ಇವುಗಳಿಂದ, ಹೆಸರು ಬಂದದ್ದು ಪಂಪಿಗೆ. ಎರಡು ತಿಂಗಳಲ್ಲಿ ಹಳೇ ಟ್ಯಾಂಕಿನ ತುಕ್ಕು ಮತ್ತೆ ಜಾಳಿಗೆಗೆ ಮೆತ್ತಿಕೊಳ್ಳುತ್ತದೆ. ಆಗ “ಡೂಪ್ಲಿಕೇಟ್ ಪಂಪ್ ಕೊಟ್ಟಾರ” ಎಂದು ಅಂಗಡಿಯವನ ಮೇಲೆ ತಪ್ಪು ಹೊರಿಸಿ ಮೂರನೇ ಪಂಪಿಗೆ ದುಡ್ಡು ಸುರಿಯುತ್ತಾರೆ. ಜಾಳಿಗೆ ಕಟ್ಟಿದ್ದಕ್ಕೆ ಒಂದು ಗುರುತಿದೆ: ವೇಗದಲ್ಲಿ ಜಗ್ಗಿ ನಿಂತ ಗಾಡಿ ಹತ್ತು ನಿಮಿಷ ಬಿಟ್ಟು ತಾನೇ ಸ್ಟಾರ್ಟ್ ಆಗಿ ಮತ್ತೆ ನಾಲ್ಕು ಮೈಲಿ ಓಡುತ್ತದೆ, ಏಕೆಂದರೆ ಹೀರುವುದು ನಿಂತಾಗ ಕಸ ಕೆಳಗಿಳಿದಿರುತ್ತದೆ. ಟ್ಯಾಂಕಿನ ಗಾಳಿಕಿಂಡಿ ಮುಚ್ಚಿದ್ದರೂ ಹೆಚ್ಚುಕಡಿಮೆ ಹೀಗೆಯೇ ಆಗುತ್ತದೆ. ಆದರೆ ಆಗ ಮುಚ್ಚಳ ತಿರುವಿದರೆ ಗಾಳಿ ಒಳಗೆ ನುಗ್ಗುವ ‘ಸುಸ್ಸ್’ ಸದ್ದು ಕೇಳಿಸುತ್ತದೆ. ಇದಕ್ಕೆ ಯಾವ ಸ್ಕ್ಯಾನರೂ ಬೇಡ.

ಈಗಿನ ಪೆಟ್ರೋಲು ಈ ತೊಂದರೆಯನ್ನು ಹೆಚ್ಚಿಸಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ-20 ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್. ನಮ್ಮದೇ ಜಿಲ್ಲೆಯ ಮುಧೋಳ, ಜಮಖಂಡಿ ಕಡೆಯ ಕಬ್ಬಿನಿಂದ ಅದು ತಯಾರಾಗುವುದು ರೈತನಿಗೆ ಒಳ್ಳೆಯದೇ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ಟ್ಯಾಂಕಿನಲ್ಲಿ ಮೆತ್ತಿಕೊಂಡ ಕಸವನ್ನು ಬಿಡಿಸುತ್ತದೆ, ಅದಕ್ಕೆಂದು ತಯಾರಾಗದ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಕಾಲು ಬಾರ್ ಒತ್ತಡಕ್ಕೆಂದು ಇದ್ದ ಆ ಮುದಿ ಪೈಪನ್ನೇ ಮೂರು ಬಾರ್ ಒತ್ತಡಕ್ಕೆ ದುಡಿಸಿ, ಮೇಲೆ ಹಲ್ಲಿನ ಕ್ಲಾಂಪ್ ಕಚ್ಚಿಸಿದ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬನಶಂಕರಿ ಜಾತ್ರೆಗೆ ಹೋಗುವುದನ್ನು ನಾನು ಒಪ್ಪಲಾರೆ. ಪೈಪು ಸೀಳಿದರೆ ಪೆಟ್ರೋಲ್ ಚಿಮ್ಮುವುದು ಕಾದ ಸೈಲೆನ್ಸರ್ ಪೈಪಿನ ಮೇಲೆ. ಇಂಜೆಕ್ಷನ್ನಿಗೆಂದೇ ಬರುವ ಪೈಪು, ಅಂಚು ಮಡಿಚಿದ ಕ್ಲಾಂಪು ಕಡ್ಡಾಯವಾಗಿ ಬೇಕು.

ಇಷ್ಟೇ ಅಪಾಯದ ಇನ್ನೊಂದು ಚಾಳಿಯಿದೆ. ಕೀ ತಿರುವಿದಾಗ ಪಂಪು ಎರಡು-ಮೂರು ಸೆಕೆಂಡ್ ಗುಂಯ್ಗುಟ್ಟಿ ನಿಲ್ಲುತ್ತದೆ. ಅದು ಹಾಗೆ ನಿಲ್ಲಲೇಬೇಕು. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಸೆನ್ಸರ್‌ನಿಂದ ಬಂದ ಮೇಲಷ್ಟೇ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪಂಪಿಗೆ ಮತ್ತೆ ಕರೆಂಟ್ ಬಿಡುತ್ತದೆ. ಹೀಗೆ ನಿಂತದ್ದನ್ನು ಕಂಡು “ಕಂಪ್ಯೂಟರ್ ಸುಟ್ಟೇತಿ” ಎಂದು, ಇಗ್ನಿಷನ್ ವೈರಿನಿಂದ ನೇರವಾಗಿ ಪಂಪಿಗೆ ಕರೆಂಟ್ ಎಳೆಯುತ್ತಾರೆ. ಗಾಡಿ ಓಡಬಹುದು. ಆದರೆ ನಾಳೆ ಪಲ್ಟಿಯಾಗಿ ಎಂಜಿನ್ ನಿಂತರೂ ಪಂಪು ನಿಲ್ಲುವುದಿಲ್ಲ. ಹರಿದ ಪೈಪಿನಿಂದ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಸ್ಟಾರ್ಟ್ ಆದ ಎರಡೇ ಸೆಕೆಂಡಿಗೆ ಎಂಜಿನ್ ಆರಿಹೋದರೆ ಕಳವು ತಡೆಯುವ ಇಮ್ಮೊಬಿಲೈಸರ್ ಕಡೆ ನೋಡಬೇಕು, ಎಂಜಿನ್ ಕೊಟ್ಟ ಗಾಡಿಯಲ್ಲಿ ಅದಿದ್ದರೆ ಇಸಿಎಂ ಹಳೇ ಕೀಯನ್ನೇ ಹುಡುಕುತ್ತಿರುತ್ತದೆ.

ಬಾದಾಮಿಯಿಂದ ಮಹಾಕೂಟದ ಕಡೆಗೆ ಗುಡ್ಡ ಏರುವಾಗ, ಟ್ಯಾಂಕಿನಲ್ಲಿ ಕಾಲುಭಾಗ ಪೆಟ್ರೋಲ್ ಇದ್ದೂ ಗಾಡಿ ಒಮ್ಮೆಲೇ ಸತ್ತರೆ ಕಾರಣ ಬೇರೆ. ಹಳೇ ಟ್ಯಾಂಕಿನಲ್ಲಿ ಹೀರುವ ಕೊಳವೆಯ ಸುತ್ತ ಪೆಟ್ರೋಲ್ ಹಿಡಿದಿಡುವ ಬಟ್ಟಲು ಇರುವುದಿಲ್ಲ. ಏರಿನಲ್ಲೋ ತಿರುವಿನಲ್ಲೋ ಪೆಟ್ರೋಲ್ ಒಂದು ಕಡೆ ಸರಿದು ಕೊಳವೆ ಒಂದು ಕ್ಷಣ ಗಾಳಿ ಕುಡಿಯುತ್ತದೆ. ಕಾರ್ಬುರೇಟರ್ ಕಾಲದಲ್ಲಿ ಫ್ಲೋಟ್ ಚೇಂಬರಿನ ಸಂಗ್ರಹ ಆ ಕ್ಷಣವನ್ನು ದಾಟಿಸುತ್ತಿತ್ತು. ಇಂಜೆಕ್ಷನ್ನಿಗೆ ಅಂಥ ಸಂಗ್ರಹವಿಲ್ಲ.

“ಏರ್ ತಗೊಂಡೇತಿ” ಎಂಬುದನ್ನು ಇಳಕಲ್ಲಿನ ಮೇಸ್ತ್ರಿಗೆ ವಿವರಿಸಬೇಕೇ? ಕೆಂಪು ಗ್ರಾನೈಟ್ ಕ್ವಾರಿಗಳ ಟಿಪ್ಪರು, ಟ್ರ್ಯಾಕ್ಟರು, ಕಂಪ್ರೆಸರುಗಳ ಡೀಸೆಲ್ ಲೈನಿನಿಂದ ಗಾಳಿ ತೆಗೆದು ತೆಗೆದು ಪಳಗಿದ ಕೈ ಅದು. ಯಾವ ವಾಷರಿನಲ್ಲಿ ಗಾಳಿ ಸೇರುತ್ತಿದೆ ಎಂದು ಬೆರಳಿಟ್ಟು ಹೇಳುವ ಜಾಣ್ಮೆ ಅಲ್ಲಿದೆ. ಕಾರ್ಬುರೇಟರ್ರೇ ಛಲೋ ಎನ್ನುವವರು ಈ ಜಾಣ್ಮೆಯನ್ನು ಕಡಿಮೆ ಅಂದಾಜು ಮಾಡುತ್ತಿದ್ದಾರೆ. ಜೆಟ್ ಬಿಚ್ಚಿ ಬಾಯಿಂದ ಊದಿದರೆ ದಾರಿಯಲ್ಲೇ ರಿಪೇರಿ ಮುಗಿಯುತ್ತಿತ್ತು ಎಂಬ ಅವರ ಮಾತು ನಿಜ. ಆದರೆ ಡೀಸೆಲ್ ಇಂಜೆಕ್ಷನ್ನನ್ನು ಪಳಗಿಸಿಕೊಂಡ ಊರಿಗೆ ಪೆಟ್ರೋಲ್ ಇಂಜೆಕ್ಷನ್ ಒಗ್ಗುವುದಿಲ್ಲ ಎನ್ನುವುದನ್ನು ಹೇಗೆ ನಂಬುವುದು?

ಬೇಕಾದದ್ದು ಎರಡು ಸಾಧನ: ಒಂದು ಪ್ರೆಷರ್ ಗೇಜು, ಒಂದು ಮಲ್ಟಿಮೀಟರ್. ಫಿಲ್ಟರಿನ ಮುಂದೆ ಗೇಜು ಸೇರಿಸಿ, ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಒತ್ತಡ ಕಡಿಮೆ ಇದ್ದರೆ, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪನ್ನು ಒಂದೇ ಕ್ಷಣ ಹಿಸುಕಿ ಬಿಡಿ. ಮುಳ್ಳು ಸರ್ರನೆ ಏರಿದರೆ ಪಂಪಿಗೆ ಶಕ್ತಿಯಿದೆ, ರೆಗ್ಯುಲೇಟರ್ ಸೋರುತ್ತಿದೆ. ಏರದಿದ್ದರೂ ಪಂಪನ್ನು ಬೈಯಲು ಇನ್ನೂ ಹೊತ್ತಿದೆ. ಪಂಪು ಓಡುತ್ತಿರುವಾಗಲೇ ಅದರ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ ಹದಿಮೂರೂವರೆ ಇದ್ದು ಪಂಪಿನಲ್ಲಿ ಹತ್ತು ಬಂದರೆ ತೆಳ್ಳನೆ ವೈರೋ ತುಕ್ಕುಹಿಡಿದ ಅರ್ಥಿಂಗೋ ಉಳಿದದ್ದನ್ನು ತಿನ್ನುತ್ತಿದೆ. ದಪ್ಪ ವೈರು, ಫ್ಯೂಸು ಮತ್ತು ಇಸಿಎಂ ನಿಯಂತ್ರಿಸುವ ರಿಲೇ ಹಾಕಿದರೆ ‘ಸತ್ತ’ ಪಂಪು ಬದುಕುತ್ತದೆ. ಒತ್ತಡ ಬೇಕಾದ್ದಕ್ಕಿಂತ ಹೆಚ್ಚಿದ್ದು ಕಪ್ಪು ಹೊಗೆ ಬಂದರೆ, ಕಾರ್ಬುರೇಟರ್ ಕಾಲದ ಸಣ್ಣ ರಿಟರ್ನ್ ಪೈಪಿನಲ್ಲಿ ಪೆಟ್ರೋಲ್ ವಾಪಸ್ ಹೋಗಲಾರದೆ ತಡೆಯುತ್ತಿದೆ ಎಂದರ್ಥ.

ಎಂಜಿನ್ ಬದಲಿಸುವ ಮುನ್ನವೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದು ಇಂಥ ಮಾರ್ಪಾಟುಗಳಿಗಾಗಿಯೇ, ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ತಾಳೆಯಾಗದಿದ್ದರೆ ವಿಮೆಗೂ ತೊಡಕು. ಇನ್ನು ಪಂಪು ಹೋಗಿದೆ ಎಂದು ಯಾರಾದರೂ ಹೇಳಿದರೆ, ಒತ್ತಡ ಎಷ್ಟಿತ್ತು, ವೋಲ್ಟೇಜ್ ಎಷ್ಟಿತ್ತು ಎಂಬ ಎರಡು ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಂಡೇ ಹೊಸ ಪಂಪಿಗೆ ದುಡ್ಡು ಕೊಡಿ.